‘ಇರಿ, ಇನ್ನೂ ಇದೆ’

ಮುಳಬಾಗಿಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಯುದ್ಧ ಬಂದು ಪೆಟ್ರೋಲು ಮಾಯವಾದ ಮೇಲೆ ಓಡುತ್ತಿರುವ ಇದ್ದಿಲಿನ ಬಸ್ಸು ಹೊಗೆ ಕಾರುತ್ತ ಕೋಲಾರಕ್ಕೆ ಹೊರಟು ನಿಂತಿದೆ. ಹಬೀಬುಲ್ಲಾ ಸಾಹೇಬರು ಎರಡು ಮಣ ತೂಗುವ ಬ್ಯಾಟರಿಯನ್ನು ಎದೆಗವಚಿಕೊಂಡು ಹತ್ತುತ್ತಾರೆ. ಅವರ ವಿಷಯ ಪತ್ರಿಕೆಗೆ ಬರೆಯಲು ಬಂದಿರುವ ನಾನೂ ಹಿಂದೆಯೇ ಹತ್ತುತ್ತೇನೆ.

“ಕಾಲ ಹತ್ರ ಇಟ್ಕೊಳ್ಳಿ ಸಾಬ್ರೇ. ಮೊನ್ನೆ ಆಸಿಡ್ಡು ಚೆಲ್ಲಿ ಒಬ್ಬರ ಪಂಚೆ ತೂತಾಯ್ತು,” ಎಂದು ಕಂಡಕ್ಟರ್ ನರಸಿಂಹಪ್ಪ ಗೊಣಗುತ್ತಾನೆ. ಸಾಹೇಬರು ಉತ್ತರವಾಗಿ ತಮ್ಮ ಪೈಜಾಮ ತೋರಿಸುತ್ತಾರೆ. ಅದರ ತೂತು ಎಣಿಸುತ್ತ ಕೂತರೆ ಕೋಲಾರ ಬಂದೇಬಿಡುತ್ತದೆ.

ಊರಿನ ಪಾರ್ಕಿನಲ್ಲಿ ಸಾರ್ವಜನಿಕರಿಗೆಂದು ಒಂದು ರೇಡಿಯೋ ಇದೆ, ಕಂಬದ ಮೇಲೆ ಅದರ ದನಿ ಊರಿಗೆಲ್ಲ ಸಾರುವ ಹಾರ್ನು. ಪಾರ್ಕಿಗೆ ಕರೆಂಟು ಬಂದಿಲ್ಲ. ಐದು ದಿನಕ್ಕೊಮ್ಮೆ ಬ್ಯಾಟರಿ ಹೊತ್ತು ಕೋಲಾರದಲ್ಲಿ ಚಾರ್ಜು ಮಾಡಿಸಿ ತರುವುದು, ಸಂಜೆ ರೇಡಿಯೋ ಹಚ್ಚಿ ಆರಿಸುವುದು, ಹಬೀಬುಲ್ಲಾ ಅವರ ಕೆಲಸ ಇಷ್ಟೇ. ಮಾತಾಡು ಎಂದು ಅವರಿಗೆ ಯಾರೂ ಹೇಳಿಲ್ಲ. ಆದರೂ ಆರು ವರ್ಷದಿಂದ ಅವರು ಮಾತಾಡುತ್ತಲೇ ಇದ್ದಾರೆ.

ಒಂದು ಕಾರ್ಯಕ್ರಮ ಮುಗಿದು ಇನ್ನೊಂದು ಶುರುವಾಗುವ ಮುನ್ನ ಪೆಟ್ಟಿಗೆ ತುಸು ಹೊತ್ತು ಸುಮ್ಮನಾಗುತ್ತದೆ. ಮೊದಮೊದಲು ಜನ ಎಲ್ಲ ಮುಗಿಯಿತೆಂದು ಪಂಚೆ ಕೊಡವಿಕೊಂಡು ಎದ್ದುಬಿಡುತ್ತಿದ್ದರು. “ಒಳ್ಳೆ ಪಿಟೀಲು ಇನ್ನೂ ಬಾಕಿ ಇತ್ತು ಸಾಮಿ. ಜನ ನೋಡಿದ್ರೆ ಹೊರಟೇಬಿಟ್ರು. ತಡೀಲಾರ್ದೆ ಕೂಗ್ಬಿಟ್ಟೆ,” ಎನ್ನುತ್ತಾರೆ. ಅಂದು ಕೂಗಿದ್ದನ್ನೇ ಇಂದಿಗೂ ಕೂಗುತ್ತಾರೆ. ಊರಿನವರಿಗೆ “ಇರಿ, ಇನ್ನೂ ಇದೆ.” ನಂಗಲಿ ಕಡೆಯಿಂದ ಬಂದವರಿಗೆ ತೆಲುಗಿನಲ್ಲಿ “ಉಂಡಂಡಿ.” ತಮ್ಮ ಕೇರಿಯವರಿಗೆ “ಠೈರೋ.” ಸಂಜೆಗೆ ಏಳೆಂಟು ಸಲ. ಇಂಗ್ಲಿಷ್ ವಾರ್ತೆಗೆ ಮುಂಚೆ ಮಾತ್ರ, “ಬೀಡಿ ಸೇದೋರು ಸೇದ್ಕೊಂಡು ಬನ್ನಿ, ಕಾಲು ಗಂಟೆ ಐತೆ” ಎಂದು ರಜೆ ಕೊಡುತ್ತಾರೆ. ನಲವತ್ತು ಜನವಿರಲಿ, ಇನ್ನೂರು ಜನವಿರಲಿ, ಒಬ್ಬರೂ ಎದ್ದು ಹೋಗುವುದಿಲ್ಲ.

ಆದರೆ ಅವರ ಮಾತು ಹಾರ್ನಿನಲ್ಲಿ ಬರುವುದಿಲ್ಲ. ಅದು ಬರಿಯ ಗಂಟಲು, ಪಾರ್ಕಿನ ಬೇಲಿಗೇ ನಿಲ್ಲುತ್ತದೆ. ಅವರ ಕೊರಗೆಲ್ಲ ಅದೇ. ಎರಡು ಓಣಿಯಾಚೆ ಅವರ ಮನೆ. ಹೆಂಡತಿ ಬೀಬಿಜಾನ್ ಗೋಷಾದಲ್ಲಿರುವವರು, ಪಾರ್ಕಿನತ್ತ ಬಂದವರಲ್ಲ. ಪಿಟೀಲು, ವಾರ್ತೆ, ಎಲ್ಲಿಯದೋ ಊರಿನ ಪೇಟೆ ಧಾರಣೆ ಎಲ್ಲವೂ ಅವರ ಅಡುಗೆಮನೆ ತಲುಪುತ್ತವೆ. ಗಂಡನ ದನಿಯೊಂದು ತಲುಪುವುದಿಲ್ಲ.

“ಮನೆಯಲ್ಲೇ ಒಂದು ಸಲ ಕೂಗಿ ತೋರಿಸಬಾರದೇ?” ಎಂದು ನಾನು ತಮಾಷೆ ಮಾಡುತ್ತೇನೆ. ಅವರು ನಗುವುದಿಲ್ಲ. “ಮನೇಲಿ ಅಂದ್ರೆ ಅದು ಮನೆ ಮಾತು ಸಾಮಿ. ಇನ್ನೂರು ಜನಕ್ಕೆ ಅಂದಿದ್ದು ಅವಳಿಗೆ ಕೇಳಿಸ್ಬೇಕು. ಒಂದೇ ಒಂದು ದಿನ ಸಾಕು.”

ಅದಕ್ಕೆಂದೇ ಅವರು ರೇಡಿಯೋ ಸ್ಟೇಷನ್ನಿನಲ್ಲಿ ಕಾರ್ಯಕ್ರಮ ಸಾರುವ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಸಂಕ್ರಾಂತಿ ಕಳೆದ ಮೇಲೆ ದನಿ ಪರೀಕ್ಷೆಗೆ ಕರೆ ಬಂತು. ಬೀಬಿಜಾನ್ ತೂತಿಲ್ಲದ ಪೈಜಾಮ ಹೊಲಿದುಕೊಟ್ಟರು. ಕೊಟ್ಟ ಹಾಳೆಯನ್ನು ಇವರು ಒಂದೂ ತಪ್ಪಿಲ್ಲದೆ ಓದಿದರಂತೆ. ಹಾಳೆ ಮುಗಿಯಿತು, ಕೋಣೆ ನಿಶ್ಶಬ್ದವಾಯಿತು. ಆರು ವರ್ಷದ ಅಭ್ಯಾಸ ಬಿಟ್ಟೀತೇ? ಬಾಯಿ ತಾನಾಗಿ “ಉಂಡಂಡಿ” ಎಂದುಬಿಟ್ಟಿತು. ಎದುರಿಗಿದ್ದ ದೊಡ್ಡವರಿಗೆ ತೆಲುಗು ಬಾರದು. ಉಂಡಿರಾ ಎಂದು ಕೇಳುತ್ತಿದ್ದಾರೆಂದುಕೊಂಡು, “ಆಗಲೇ ಆಯ್ತಪ್ಪ, ನಿಮ್ಮದು?” ಎಂದರು.

ಹೇಳುವಾಗ ಸಾಹೇಬರೇ ನಗುತ್ತಾರೆ. ಆಮೇಲೆ ಬ್ಯಾಟರಿಯ ಮುಚ್ಚಳವನ್ನು ಸುಮ್ಮನೆ ಒರೆಸುತ್ತಾರೆ. ನಾಲ್ಕು ತಿಂಗಳಾಯಿತು, ಕಾಗದ ಬಂದಿಲ್ಲ. ಟಪ್ಪಾಲಿನವನು ಓಣಿಯಲ್ಲಿ ಕಂಡರೆ ಈಗಲೂ ಎದ್ದು ನಿಲ್ಲುತ್ತಾರೆ. ನನಗೆ ಸಂಕಟವಾಗುತ್ತದೆ. ಆ ಕಾಗದ ಬರುತ್ತದೆಂದು ನನಗೆ ಅನಿಸುವುದಿಲ್ಲ, ಅದನ್ನು ಹೇಳುವ ಧೈರ್ಯವೂ ನನಗಿಲ್ಲ.

ಸಂಜೆ ಊರಿಗೆ ಮರಳಿ ಅವರು ಪಾರ್ಕಿಗೆ ಹೊರಟ ಮೇಲೆ ನಾನು ಅವರ ಮನೆಯ ಜಗಲಿಯಲ್ಲೇ ಕೂರುತ್ತೇನೆ. ಅವರ ವಿಷಯ ಪತ್ರಿಕೆಗೆ ಬರೆಯುತ್ತಿದ್ದೇನೆ, ನೀವೂ ಒಂದು ಮಾತು ಹೇಳಿ ಎಂದು ಒಳಗೆ ಹೇಳಿಕಳಿಸಿದ್ದೇನೆ. ಪರದೆಯ ಹಿಂದೆ ಬೀಬಿಜಾನ್ ಅಕ್ಕಿ ಆರಿಸುತ್ತಿರುವ ಮೊರದ ಸದ್ದು. ದೂರದಲ್ಲಿ ಹಾರ್ನು ಹಾಡುತ್ತದೆ. ಹಾಡು ಮುಗಿಯುತ್ತದೆ. ಊರೇ ಮೌನವಾದಂತಾಗುತ್ತದೆ. ಒಳಗೆ ಮೊರದ ಸದ್ದೂ ನಿಲ್ಲುತ್ತದೆ.

ಬೀಬಿಜಾನ್ ಮಾತಾಡುವುದು ಹಾರ್ನು ಮತ್ತೆ ಶುರುವಾದ ಮೇಲೆಯೇ.

“ಅವರಿಗೆ ನೀವು ಹೇಳಿ ಅಣ್ಣ, ನನಗೆ ನಾಚಿಕೆ. ಪೆಟ್ಟಿಗೆ ಸುಮ್ಕಾದ್ರೆ ಇವರು ಮಾತಾಡ್ತಾವ್ರೆ ಅಂತ ಗೊತ್ತಾಗ್ತದೆ ನನಗೆ. ದಿನಾ ಕೆಲಸ ಬಿಟ್ಟು ಕೂತಿರ್ತೀನಿ. ‘ಇರಿ’ ಅಂತಾರಂತಲ್ಲ. ಅದಕ್ಕೇ ಇರ್ತೀನಿ.”