ಜಡೆ ಹೆಣೆಯುವ ಕೈ

ಎದ್ದ ಕೂಡಲೇ ಅಂಗೈ ನೋಡಿಕೊಂಡು ಕಣ್ಣಿಗೆ ಒತ್ತಿಕೊಳ್ಳಬೇಕೆಂದು ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದಳು. ಆ ವರ್ಷಗಳಲ್ಲಿ ಬೆಳಗಿನ ಹೊತ್ತು ನನ್ನ ಅಂಗೈ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. ಬೆರಳುಗಳು ಒಳಕ್ಕೆ ಮಡಚಿಕೊಂಡಿರುತ್ತಿದ್ದವು. ಗೆಣ್ಣುಗಳು ಊದಿ, ಮುಟ್ಟಿದರೆ ಜ್ವರ ಬಂದವರ ಹಣೆಯ ಹಾಗೆ ಬಿಸಿ. ನಮ್ಮವರು ಎದ್ದು ಬಚ್ಚಲೊಲೆ ಹಚ್ಚಿ, ಹಂಡೆಯಿಂದ ಬಿಸಿನೀರು ಮೊಗೆದು, ಉಪ್ಪು ಹಾಕಿ ತಂದಿಡುತ್ತಿದ್ದರು. ನಾನು ಎರಡೂ ಕೈ ಅದ್ದಿಕೊಂಡು ಕೂತಿರುವಾಗ ಕಾಫಿಯನ್ನೂ ಅವರೇ ಮಾಡುತ್ತಿದ್ದರು.

"ಯಾರಿಗೂ ಹೇಳ್ಬೇಡಿ" ಎನ್ನುತ್ತಿದ್ದೆ.

"ಏನಂತ ಹೇಳ್ಲಿ? ನಿನ್ ಕಾಫಿಗಿಂತ ಚೆನ್ನಾಗಿದೆ ಅಂತಾನಾ?"

ಅದು ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮದು ಬೀದಿಯ ಕೊನೆಯ ಮನೆ. ಆಚೆಗೆ ರಾಗಿ ಹೊಲ. ನನ್ನ ಕಾಯಿಲೆಯನ್ನು ಡಾಕ್ಟರು ಕೀಲುವಾತ ಎಂದಿದ್ದರು. ಎಷ್ಟು ದಿನಕ್ಕೆ ವಾಸಿಯಾಗುತ್ತದೆ ಎಂದು ಕೇಳಿದಾಗ ಕನ್ನಡಕ ತೆಗೆದು ಒರೆಸುತ್ತಾ, "ಹೇಳೋಕಾಗಲ್ಲಮ್ಮ. ಬೇಗ ತಣ್ಣಗಾಗಬಹುದು, ವರ್ಷಗಟ್ಟಲೆ ಇರಬಹುದು. ಹೋಗಿ ಮತ್ತೆ ಬರೋದೂ ಉಂಟು" ಎಂದಿದ್ದರು, ನೆಂಟರ ವಿಷಯ ಹೇಳುವ ಹಾಗೆ. ಅವರು ಕೊಟ್ಟ ಮಾತ್ರೆ ನುಂಗಿದರೆ ನೋವು ಸ್ವಲ್ಪ ಇಳಿಯುತ್ತಿತ್ತು, ಕಿವಿಯೊಳಗೆ ಮಾತ್ರ ಹಗಲಿಡೀ ಜೀರುಂಡೆ ಕೂಗುತ್ತಿತ್ತು.

ಆರು ವರ್ಷದ ಮಗಳನ್ನು ಕೆಂಗೇರಿಯ ತವರಿಗೆ ಕಳಿಸಿದ್ದೆವು. ಅವಳಿಗೆ ಎಣ್ಣೆ ಹಚ್ಚಿ ನೀರೆರೆಯಲು, ಬಟ್ಟೆ ಹಿಂಡಲು, ಆ ದಟ್ಟ ಕೂದಲನ್ನು ಎರಡು ಜಡೆಯಾಗಿ ಹೆಣೆಯಲು ನನ್ನ ಕೈಯಿಂದ ಆಗುತ್ತಿರಲಿಲ್ಲ. ಬೀದಿಯವರಿಗೆ "ಅಜ್ಜಿಗೆ ಮೊಮ್ಮಗಳ ಮೇಲೆ ಆಸೆ" ಎಂದಷ್ಟೇ ಹೇಳಿದ್ದೆ. ಪಕ್ಕದ ಮನೆಯವರನ್ನು ಕೇಳಿದ್ದರೆ ಜಡೆಯೇನು, ಹೂವನ್ನೂ ಮುಡಿಸಿ ಕಳಿಸುತ್ತಿದ್ದರು. ಆದರೆ ಇದು ವಂಶಕ್ಕೆ ಬರುವ ರೋಗ ಎಂದು ಯಾರಾದರೂ ಒಮ್ಮೆ ಅಂದರೆ ಆ ಮಾತು ಮಗಳ ಮದುವೆಯವರೆಗೂ ಹಿಂದೆ ಬರುತ್ತದೆ ಎಂದು ನನಗೆ ಭಯ. ಹೊರಗೆ ನಿಂತು ಮಾತಾಡುವಾಗಲೆಲ್ಲ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದೆ.

ಶಾಲೆ ತೆರೆಯುವ ಕಾಲ ಹತ್ತಿರ ಬಂದಿತ್ತು. ಮಗುವನ್ನು ಇಲ್ಲಿ ಸೇರಿಸುವುದೋ ಅಲ್ಲಿಯೋ ಎಂದು ಕೇಳಲು ಮರುದಿನ ಭಾನುವಾರ ಅಣ್ಣ ಬರುವವನಿದ್ದ. ಅಲ್ಲಿ ಸೇರಿಸಿದರೆ ಇನ್ನೊಂದು ವರ್ಷ ಅವಳು ಅಲ್ಲಿಯೇ.

ಆ ಶನಿವಾರ ಮಾರೇನಹಳ್ಳಿಯಿಂದ ಬರುವ ಕೆಲಸದವಳು ಬರಲಿಲ್ಲ. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದವಳು ಅವಳೇ. ಬಿಸಿಲು ಮೆಟ್ಟಿಲಿಗೆ ಬಂದರೂ ಬಾಗಿಲು ಬೋಳು. ರಂಗೋಲಿಯಿಲ್ಲದ ಮನೆಯೆಂದರೆ ಸೂತಕದ ಮನೆ. ಹಾಲಿನವನೂ ಏನಾಯಿತೋ ಎಂದು ದನಿ ತಗ್ಗಿಸಿ ಕೇಳುತ್ತಾನೆ. ಉಪ್ಪುನೀರಿನಿಂದ ಕೈ ತೆಗೆದು ನೋಡಿದೆ. ಅಂದು ಬೆರಳುಗಳು ಸ್ವಲ್ಪ ಬಿಚ್ಚಿಕೊಂಡಿದ್ದವು. ರಂಗೋಲಿ ಡಬ್ಬಿ ತೆಗೆದುಕೊಂಡು ಹೊರಗೆ ಹೋದೆ.

ಹೆಬ್ಬೆರಳು ತೋರುಬೆರಳಿನ ನಡುವೆ ಪುಡಿ ನಿಲ್ಲಲಿಲ್ಲ. ಮುಷ್ಟಿಯಲ್ಲಿ ಹಿಡಿದು ಸುರಿಸಿದೆ. ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ನನ್ನ ಬಟ್ಟೆಯನ್ನು ಮಗುಚಿ, ಹಿಂಬದಿಯೂ ಎಷ್ಟು ಚೊಕ್ಕಟ ನೋಡಿ ಎಂದು ಹುಡುಗಿಯರಿಗೆಲ್ಲ ತೋರಿಸುತ್ತಿದ್ದರು. ಈಗ ರಂಗೋಲಿಯ ಒಂದು ಎಳೆ ಹಗ್ಗದಷ್ಟು ದಪ್ಪ, ಇನ್ನೊಂದು ಅರ್ಧಕ್ಕೇ ಮಾಯ. ಆದರೂ ಚುಕ್ಕಿಗಳನ್ನೆಲ್ಲ ಸುತ್ತಿ ಮುಗಿಸಿ, ಗೋಡೆ ಹಿಡಿದು ಎದ್ದೆ.

ಕಾರ್ಖಾನೆಗೆ ಹೊರಟ ನಮ್ಮವರು ಹೊಸಿಲಲ್ಲೇ ನಿಂತುಬಿಟ್ಟರು. "ಇದು ನೀನ್ ಹಾಕಿದ್ದಾ? ಕೈ ಬಂತಲ್ಲೇ! ಹಾಗಾದ್ರೆ ನಾಳೆ ನಿಮ್ಮಣ್ಣಂಗೆ, ಮಗೂನ ಕರ್ಕೊಂಡ್ ಬಾ ಅಂದ್ಬಿಡ್ಲಾ?"

ಅವರ ಮುಖದಲ್ಲಿ ಅಷ್ಟು ಸಂತೋಷ ನೋಡಿ ತುಂಬ ದಿನಗಳಾಗಿದ್ದವು. "ಸಾಯಂಕಾಲ ಹೇಳ್ತೀನಿ" ಎಂದೆ. ಅವರು ರಂಗೋಲಿ ತುಳಿಯದಂತೆ ಪಕ್ಕಕ್ಕೆ ದಾಟಿ, ಸೈಕಲ್ಲನ್ನು ಎತ್ತಿ ಇಳಿಸಿಕೊಂಡು ಹೋದರು.

ಮಧ್ಯಾಹ್ನ ಹಳೆಯ ಸೀರೆಯಿಂದ ಮೂರು ಪಟ್ಟಿ ಹರಿದು ಕಿಟಕಿಯ ಸರಳಿಗೆ ಕಟ್ಟಿದೆ. ಹರಿಯುವುದಕ್ಕೆ ಹಲ್ಲಿನ ಸಹಾಯ ಬೇಕಾಯಿತು. ಹೆಣೆಯತೊಡಗಿದೆ. ಮೊದಲ ಕೆಲವು ಹೆಣಿಗೆ ಬಿಗಿಯಾಗಿಯೇ ಬಂತು. ಮಗಳ ಕತ್ತಿನ ಹಿಂದಿನ ಮೆತ್ತನೆಯ ಕೂದಲು, "ಎಳೀಬೇಡಮ್ಮಾ" ಎಂದು ಅವಳು ಭುಜ ಕುಣಿಸುವುದು, ಎಲ್ಲ ಬೆರಳಿಗೆ ನೆನಪಾಯಿತು. ಆಮೇಲೆ ಹೆಬ್ಬೆರಳಿನ ಬುಡದಲ್ಲಿ ಸೂಜಿ ಆಡಿಸಿದ ಹಾಗಾಗಿ ಹಿಡಿತ ಹೋಯಿತು. ಹೆಣೆದದ್ದೆಲ್ಲ ಸಡಿಲಾಗಿ ತಾನೇ ಬಿಚ್ಚಿಕೊಂಡಿತು. ಮತ್ತೆ ಹೆಣೆದೆ, ಮತ್ತೆ ಬಿಚ್ಚಿತು. ಹೊತ್ತು ಇಳಿಯುವ ವೇಳೆಗೆ ಬೆಳಗಿನ ರಂಗೋಲಿಯ ದುಡಿಮೆಯೂ ಸೇರಿ ಗೆಣ್ಣುಗಳು ಕೆಂಪಗೆ ಊದಿಕೊಂಡಿದ್ದವು. ಬಳೆ ಮೇಲಕ್ಕೂ ಸರಿಯದು, ಕೆಳಕ್ಕೂ ಸರಿಯದು. ಒಂದು ಒಳ್ಳೆಯ ಬೆಳಗನ್ನು ನಂಬಿ ಮಗುವನ್ನು ಕರೆಸಿಕೊಂಡು, ಮಳೆಗಾಲದ ನಡುವೆ ಮತ್ತೆ ವಾಪಸು ಕಳಿಸುವುದಾದರೆ? ಎರಡನೆಯ ಸಲ ಅವಳು ಅಳದೆ ಹೋಗುತ್ತಾಳೆಯೇ? ಅಳದೆ ಹೋದರೆ ಅದು ಇನ್ನೂ ಕಷ್ಟ. ಕೆಂಗೇರಿಯಲ್ಲೇ ಸೇರಿಸಲಿ ಎಂದು ಹೇಳುವುದಾಗಿ ಮನಸ್ಸು ಗಟ್ಟಿ ಮಾಡಿಕೊಂಡೆ. ಪಟ್ಟಿಗಳನ್ನು ಮಾತ್ರ ಕಿಟಕಿಯಿಂದ ಬಿಚ್ಚಲಿಲ್ಲ.

ದೇವರಿಗೆ ದೀಪ ಹಚ್ಚಿ, ನಮ್ಮವರು ಬರುವುದನ್ನೇ ಕಾಯುತ್ತಾ ಬಾಗಿಲಲ್ಲಿ ನಿಂತೆ, ಕೈ ಸೆರಗಿನೊಳಗೆ. ಪಕ್ಕದ ಮನೆಯಾಕೆ ಬೀದಿಯ ನಲ್ಲಿಯಿಂದ ಕೊಡ ತುಂಬಿಕೊಂಡು ಬರುತ್ತಿದ್ದರು. ಅವರ ಕಣ್ಣು ನೆಲದ ಮೇಲೆ ಹೋಯಿತು. ಗಾಳಿಗೆ, ಓಡಾಟಕ್ಕೆ ಅರ್ಧ ಅಳಿಸಿಯೂ ರಂಗೋಲಿ ಇನ್ನೂ ಕಾಣುತ್ತಿತ್ತು.

"ಏನ್ರೀ, ಮಗಳು ಬಂದ್ಬಿಟ್ಲಾ? ಒಂದ್ ಮಾತು ಹೇಳ್ಬಾರ್ದಾ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕೊಡವನ್ನು ಈ ಸೊಂಟದಿಂದ ಆ ಸೊಂಟಕ್ಕೆ ಬದಲಾಯಿಸಿಕೊಂಡು ನಡೆದೇ ಬಿಟ್ಟಿದ್ದರು. ಹೋಗುತ್ತಲೇ ಅಂದರು:

"ಬೆಳಗ್ಗೇನೇ ನೋಡ್ದೆ. ಎಳೆ ಎಲ್ಲೆಲ್ಲೋ ಓಡಿದೆ, ಆದ್ರೂ ಒಂದ್ ಚುಕ್ಕಿ ಬಿಟ್ಟಿಲ್ಲ ನೋಡಿ. ಬೈಬೇಡಿ ಕಣ್ರೀ ಮಗೂನ. ದಿನಾ ಹಾಕ್ಲಿ, ಕೈ ತಾನೇ ಕುದುರತ್ತೆ."