ಹೊಲಿದಿಟ್ಟ ಕೊನೆಯ ಪುಟಗಳು

ಪತ್ತೇದಾರಿ ಕಾದಂಬರಿ ಓದುವವರು ಕೆಟ್ಟುಹೋಗುತ್ತಾರೆ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಲಿಂಗಸೂಗೂರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವಳು ನಾನು. ನನ್ನ ಕೈಯಲ್ಲಿ ಆಗದ ಒಂದು ಕೆಲಸವನ್ನು ಅಂಥದೊಂದು ರಟ್ಟು ಹರಿದ ಪುಸ್ತಕ ಮಾಡಿತು. ನನ್ನ ಭಾವ ಅಮರಗುಂಡಪ್ಪನವರಿಗೆ ಅದು ಕನ್ನಡ ಕಲಿಸಿತು.

ಭಾವನವರು ಗುರುಗುಂಟಾದವರು. ಮನೆಮಾತು ಕನ್ನಡವೇ. ಪೂಜೆ, ಜಗಳ, ಚೇಷ್ಟೆ ಎಲ್ಲ ಕನ್ನಡದಲ್ಲೇ. ಆದರೆ ನಿಜಾಮರ ಕಾಲದ ಶಾಲೆಯಲ್ಲಿ ಅವರು ಕಲಿತದ್ದು ಉರ್ದು. ಲಿಂಗಸೂಗೂರಿನ ಒಂದು ಕಚೇರಿಯಲ್ಲಿ ನಕಲು ಗುಮಾಸ್ತರಾಗಿದ್ದರು, ಎಂದರೆ ಕಾಗದಪತ್ರಗಳ ಪ್ರತಿ ಬರೆದು ಕೊಡುವ ಕೆಲಸ. ಅವರು ಉರ್ದು ಬರೆಯುವುದನ್ನು ನೋಡಲು ಕೆಲಸವಿಲ್ಲದವರೂ ಕಿಟಕಿಯಲ್ಲಿ ನಿಲ್ಲುತ್ತಿದ್ದರಂತೆ. ಆ ಕೈಬರಹದ ಮೇಲೆ ಅವರಿಗೆ ಬಹಳ ಜಂಬ. ಕನ್ನಡದಲ್ಲಿ ಮಾತ್ರ ತಮ್ಮ ಹೆಸರನ್ನೂ ಓದಲು ಬರುತ್ತಿರಲಿಲ್ಲ. ನಮ್ಮ ಕಡೆ ಆಗ ಅಂಥವರು ಬೇಕಾದಷ್ಟು ಜನ, ಅದೇನು ಅವಮಾನವಲ್ಲ. ಅವಮಾನವನ್ನು ಭಾವ ಕೈಯಾರೆ ತಂದುಕೊಂಡರು.

ನಿಜಾಮರ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಮೂರು ವರ್ಷವಾಗಿತ್ತು. ಶುಕ್ರವಾರದ ರಜೆ ಹೋಗಿ ಭಾನುವಾರದ ರಜೆ ಬಂದಿತ್ತು. ಕಚೇರಿಗೆ ಧಾರವಾಡದ ಕಡೆಯ ಹೊಸ ಸಾಹೇಬರು ಬಂದರು.

"ಇನ್ನ ಮುಂದ ಕನ್ನಡದಾಗ ನಕಲು ಕೊಡಬೇಕಾಗ್ತದ. ನಿಮ್ಮೊಳಗ ಕನ್ನಡ ಬರೀಲಿಕ್ಕೆ ಯಾರಿಗೆ ಬರ್ತದ?" ಎಂದು ಸಾಹೇಬರು ಕೇಳಿದರು.

ಭಾವ ಎಲ್ಲರಿಗಿಂತ ಮೊದಲು ಕೈ ಎತ್ತಿದರು. "ಭೇಷ್," ಎಂದರು ಸಾಹೇಬರು. "ದಸರಾ ಮುಗಿದ ಮ್ಯಾಲ ನನ್ನ ಎದುರಿಗೆ ಒಂದು ಪುಟ ಬರೆದು ತೋರಸ್ರಿ. ಬರಿಯಾಕ ಬಂತು ಅಂದ್ರ ಕುರ್ಚಿ ನಿಮ್ಮದು. ಬರಲಿಲ್ಲ ಅಂದ್ರ ಕಾಗದದ ಗಂಟು ಕಟ್ಟೋ ಕೆಲಸ." ದಸರಾಕ್ಕೆ ಎರಡು ತಿಂಗಳಿತ್ತು. ಭಾವ ಮನೆಗೆ ಬಂದು ತುಟಿ ಪಿಟಕ್ ಅನ್ನಲಿಲ್ಲ.

ನಾನು ಆಗ ಅಲ್ಲಿನ ಹೊಸ ಕನ್ನಡ ಶಾಲೆಯಲ್ಲಿ ಮಾಸ್ತರಿಣಿಯಾಗಿ ಅವರ ಮನೆಯಲ್ಲೇ ಇದ್ದೆ. ನನ್ನ ಅಕ್ಕ ಜಂಬಮ್ಮನಿಗೆ ಕಾದಂಬರಿಯ ಹುಚ್ಚು. ನಾವು ಸಾಲಗುಂದದವರು, ನಮ್ಮೂರ ಮಠದ ಅಯ್ಯನವರು ನಮ್ಮಿಬ್ಬರಿಗೂ ಓದು ಕಲಿಸಿದ್ದರು. ಸಿಂಧನೂರಿನ ಗೆಳತಿಯೊಬ್ಬಳು ಓದಿ ಮುಗಿಸಿದ ಪುಸ್ತಕಗಳನ್ನು ಬಸ್ಸಿನ ಕಂಡಕ್ಟರ್ ಲಾಲ್‌ಸಾಬ್ ಮಸ್ಕಿಯ ಮೇಲೆ ಹಾದು ಬಂದು ನಮಗೆ ತಲುಪಿಸುತ್ತಿದ್ದ. ಭಾನುವಾರ ಮಧ್ಯಾಹ್ನ ಅಕ್ಕ ಗಟ್ಟಿಯಾಗಿ ಓದುವುದು, ನಾನು ಜೋಳ ಹಸನು ಮಾಡುತ್ತ ಕೇಳುವುದು. ಭಾವ ತೂಕಡಿಸುವವರಂತೆ ಗೋಡೆಗೆ ಒರಗಿ ಕೂತಿರುತ್ತಿದ್ದರು, ಒಂದು ಮಾತೂ ಬಿಡದೆ ಕೇಳುತ್ತಿದ್ದರು.

ಆ ತಿಂಗಳು ಬಂದ ಪುಸ್ತಕದ ನಾಯಕ ಶೂರನೂ ಅಲ್ಲ, ಚೆಲುವನೂ ಅಲ್ಲ. ರೈಲ್ವೆ ಸ್ಟೇಷನ್ನಿನ ಪಾರ್ಸಲ್ ಗುಮಾಸ್ತ. ಹೊಟ್ಟೆಬಾಕ, ನಾಯಿ ಕಂಡರೆ ಓಡುವವ. ಪಾರ್ಸಲ್ ಕೋಣೆಯಲ್ಲಿ ವ್ಯಾಪಾರಿಯೊಬ್ಬನ ಕೊಲೆಯಾದ ಹೊತ್ತಿನಲ್ಲಿ ಇವನು ಕೆಲಸ ಬಿಟ್ಟು ಮಂಡಕ್ಕಿ ತಿನ್ನಲು ಹೋಗಿದ್ದ. ಪೊಲೀಸರು ಕೇಳಿದಾಗ ಹೆದರಿ, "ನಾನು ಇಲ್ಲೇ ಇದ್ದೆ," ಎಂದುಬಿಟ್ಟ. ಆ ಒಂದು ಸುಳ್ಳಿನಿಂದ ಕೊಲೆ ಅವನ ಕೊರಳಿಗೇ ಸುತ್ತಿಕೊಂಡಿತು. ಇನ್ನು ಕೊಲೆಗಾರನನ್ನು ಅವನೇ ಹುಡುಕಬೇಕು. ಹುಡುಕುವುದರಲ್ಲೂ ಎರಡು ಸಲ ತಪ್ಪು ಮನುಷ್ಯನ ಬೆನ್ನು ಹತ್ತುತ್ತಾನೆ. ಬರೆದವನ ತಲೆ ಎಂಥದೋ! ಮೊದಲಲ್ಲಿ ಸುಮ್ಮನೆ ಕಂಡ ಒಂದು ಹರಿದ ಚೀಟಿ ಮೂವತ್ತು ಪುಟ ಆದಮೇಲೆ ಎದ್ದು ಬಂದು ನಮ್ಮ ಎದೆ ನಡುಗಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಪುಕ್ಕಲ ನಮ್ಮ ಓಣಿಯವನೇ ಅನ್ನಿಸಿ ಅವನು ಬದುಕಬೇಕೆಂದು ನಾವು ಹರಕೆ ಹೊರುವುದೊಂದು ಬಾಕಿ ಇತ್ತು.

ಅವನು ಸುಳ್ಳು ಹೇಳಿದ ಪುಟ ಓದಿದ ದಿನ ಭಾವ ಎದ್ದು ಅಂಗಳದಲ್ಲಿ ಅಡ್ಡಾಡತೊಡಗಿದರು. ಆಮೇಲೆ ಒಳಗೆ ಬಂದು, "ನಾನೂ ಹಂಗ ಮಾಡೇನಿ," ಎಂದು ಕೈ ಎತ್ತಿದ ಕಥೆಯನ್ನೆಲ್ಲ ಹೇಳಿದರು. ಮುಖ ಸಣ್ಣದಾಗಿತ್ತು.

"ಹಂಗಾರ ಕಲೀರಿ. ಮನ್ಯಾಗ ಮಾಸ್ತರಿಣಿ ಅದಾಳ," ಎಂದಳು ಅಕ್ಕ.

"ಈ ವಯಸ್ಸಿನ್ಯಾಗ ನಾದಿನಿ ಮುಂದ ಕುಂತು ಅ ಆ ಇ ಈ ಅನ್ನಲೇನು?" ಎಂದು ಭಾವ ಸಿಡುಕಿದರು. ನಾನು ಅಕ್ಷರಮಾಲೆಯನ್ನೂ ಕಾಗುಣಿತವನ್ನೂ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಒಂದು ದಿನ ಕೂತರು. ಸಾಲನ್ನು ಎಡದಿಂದ ಓದಬೇಕು ಎಂಬಲ್ಲಿಗೆ ಪಾಠ ಮುಗಿಯಿತು. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಎದ್ದುಹೋದರು. ಸೊಕ್ಕು ಎಂದರೆ ಸೊಕ್ಕು.

ಮರುವಾರ ಕಥೆ ಕಟ್ಟಕಡೆಯ ಗಂಟಿಗೆ ಬಂದಿತ್ತು. ಗುಮಾಸ್ತ ಕತ್ತಲ ಗೋದಾಮಿನ ಬಾಗಿಲು ತೆರೆದ, ಒಳಗೆ ಯಾರೋ ಕೆಮ್ಮಿದರು. ಅಕ್ಕ ಅಲ್ಲಿಗೆ ಪಟ್ಟನೆ ಪುಸ್ತಕ ಮುಚ್ಚಿದಳು.

"ಮುಂದಿಂದು ನೀವ ಓದ್ಕೋರಿ," ಎಂದಳು.

"ಏ, ಓದಬೇ! ಒಳಗ ಯಾರದಾರ?"

"ನನಗೂ ಗೊತ್ತಿಲ್ರಿ. ನೀವು ಓದೂತನಕ ನಾನೂ ಓದಂಗಿಲ್ಲ. ಬಸವಣ್ಣನ ಆಣಿ."

ಅಕ್ಕ ಆಣೆ ಇಟ್ಟಳೆಂದರೆ ಮುಗಿಯಿತು. ಪುಸ್ತಕ ಗೋಡೆಯ ಗೂಡಿನಲ್ಲೇ ಇತ್ತು, ಅವಳು ಮುಟ್ಟಲಿಲ್ಲ. ನನಗೂ ಮುಟ್ಟಗೊಡಲಿಲ್ಲ. ಕಸ ಗುಡಿಸುವಾಗ ಅತ್ತ ಒಮ್ಮೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು. ನಾನು ಶಾಲೆಗೆ, ಅವಳು ನೀರಿಗೆ ಹೋದಾಗ ಭಾವ ಗುಟ್ಟಾಗಿ ಪುಸ್ತಕ ತೆಗೆದು, ಕಥೆ ಎಲ್ಲಿಗೆ ನಿಂತಿತ್ತೋ ತಿಳಿಯದೆ ಮೊದಲ ಪುಟದಿಂದಲೇ ಹಿಡಿದು, ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಕೂಡಿಸುತ್ತಿದ್ದರಂತೆ. ನಮಗೆ ತಿಳಿಯಲೇ ಇಲ್ಲ.

ಎಂಟು ದಿನವಾದ ಮೇಲೆ, ಬೆಳಿಗ್ಗೆ ಊಟಕ್ಕೆ ಕೂತಾಗ ಭಾವ ರೊಟ್ಟಿ ಮುರಿಯುತ್ತ ಒಮ್ಮೆಗೇ ಹೇಳಿಬಿಟ್ಟರು. ಕೊಂದವನ ಹೆಸರು! ಅದನ್ನು ನಾನಿಲ್ಲಿ ಬರೆಯುವುದಿಲ್ಲ, ಎಲ್ಲಾದರೂ ಆ ಪುಸ್ತಕ ನಿಮಗೆ ಸಿಕ್ಕೀತು.

ಅಕ್ಕನ ಕೈಯಿಂದ ಸೌಟು ಬಿತ್ತು. "ನಿಮಗ್ಯಾರು ಹೇಳಿದ್ರು? ಆ ಲಾಲ್‌ಸಾಬ್ ಹೇಳ್ಯಾನೇನು?"

"ಯಾರೂ ಹೇಳಿಲ್ಲ. ಮೊದಲನೇ ಪುಟದಾಗ ಬರದಾರಲ್ಲ," ಎಂದರು ಭಾವ.

ಪುಸ್ತಕ ಅವರ ಕೈಗೆ ಕೊಟ್ಟು ತೆರೆಸಿ ನೋಡಿದೆವು. ಬಲದಿಂದ ಎಡಕ್ಕೆ ಉರ್ದು ಓದಿದ ಕೈ, ಪುಸ್ತಕವನ್ನು ಹಿಂದಿನ ರಟ್ಟಿನಿಂದ ತೆರೆದಿತ್ತು. ಅವರ ಮೊದಲ ಪುಟ ನಮ್ಮ ಕಡೆಯ ಪುಟ. ಸಾಲು ಎಲ್ಲಿಂದ ಓದಬೇಕೆಂದು ಹೇಳಿದ್ದ ನನಗೆ, ಪುಸ್ತಕ ಎಲ್ಲಿಂದ ತೆರೆಯಬೇಕೆಂದೂ ಹೇಳಬೇಕಾದೀತೆಂದು ಹೊಳೆದೇ ಇರಲಿಲ್ಲ. ಅಕ್ಕ ಕೆಂಡಾಮಂಡಲವಾದಳು. ಎಂಟು ದಿನ ಹಲ್ಲು ಕಚ್ಚಿ ಕಾದವಳು ಅವಳು. "ಇವತ್ತ ಈ ಮನ್ಯಾಗ ನಿಮಗ ರೊಟ್ಟಿ ಇಲ್ಲ!" ಎಂದು ತಟ್ಟೆ ಎಳೆದುಕೊಂಡಳು. ಎಳೆದವಳು ಹಾಗೇ ನಿಂತಳು.

"ನೀವ ಓದಿದ್ರೇನ್ರಿ? ಇಡೀ ಪುಟ?"

"ಹ್ಞೂಂ."

ಅಕ್ಕ ಅಲ್ಲೇ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ಕೊಂದವನು ಗೊತ್ತಾದಮೇಲೆ ಓದುವುದೇನಿದೆ ಎಂದುಕೊಂಡಿದ್ದೆ. ಭಾವನವರಿಗೆ ಆಗಲೇ ಹಸಿವು ಹೆಚ್ಚಾಯಿತು. "ಅಂಥಾ ಪುಕ್ಕಲ ಇದನ್ನ ಹ್ಯಾಂಗ ಕಂಡುಹಿಡದ?" ಎಂದು ಪುಸ್ತಕವನ್ನು ಎಡಗಡೆಯಿಂದ ತೆರೆದು ದಸರಾದೊಳಗೆ ಪೂರ್ತಿ ಓದಿದರು. ಒತ್ತಕ್ಷರ ಬಂದಲ್ಲಿ ನನ್ನನ್ನು ಕರೆಯಲು ನಾಚಿಕೆಪಡುವುದನ್ನೂ ಬಿಟ್ಟರು. ಓದಿದ ಸಾಲುಗಳನ್ನೇ ರಾತ್ರಿ ನೋಡಿ ಬರೆದು ಕೈ ತಿದ್ದಿಕೊಂಡರು. ಗುಮಾಸ್ತ ಎಡವಿದಲ್ಲೆಲ್ಲ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು.

ದಸರಾ ಮುಗಿಯಿತು. ಸಾಹೇಬರು ಬಿಳಿ ಕಾಗದ ಕೊಟ್ಟು, "ನಿಮಗ ತಿಳಿದದ್ದು ಬರೀರಿ," ಎಂದರು. ಭಾವ ಆ ಪಾರ್ಸಲ್ ಗುಮಾಸ್ತನ ಕಥೆ ಬರೆದರು. ಅಕ್ಷರಗಳು ಕಡಲೆಕಾಳಿನಷ್ಟು ದಪ್ಪ, ಸಾಲು ಇಳಿಜಾರು. ಉರ್ದು ಬರೆದ ಆ ಕೈಗೆ ಅಂಥ ಪುಟವನ್ನು ಮುಂದಿಡಲು ಎಷ್ಟು ಕಷ್ಟವಾಗಿರಬೇಕು! ಕೆಳಗೆ ಇಷ್ಟು ಸೇರಿಸಿದ್ದರು: "ಅಂದು ನನಗೆ ಕನ್ನಡ ಬರುತ್ತದೆ ಎಂದು ಕೈ ಎತ್ತಿದ್ದು ಸುಳ್ಳು. ಈಗ ಇಷ್ಟು ಬರುತ್ತದೆ."

ಸಾಹೇಬರು ಎರಡು ಸಲ ಓದಿದರು. "ಕೊಂದವ ಯಾರು ಅಂತ ಬರೆದೇ ಇಲ್ಲಲ್ಲ?" ಎಂದರು.

"ಅದನ್ನ ಹೇಳಬಾರದ್ರಿ ಸಾಹೇಬ್ರ. ಒಮ್ಮಿ ಹೇಳಿ ಮನ್ಯಾಗ ರೊಟ್ಟಿ ಕಳಕೊಳ್ಳೂದಿತ್ರಿ."

ಸಾಹೇಬರು ಗಟ್ಟಿಯಾಗಿ ನಕ್ಕರಂತೆ. "ಪುಸ್ತಕ ನಾಳಿಗೆ ತಗೊಂಡ ಬರ್ರಿ. ಕುರ್ಚಿ ಮ್ಯಾಲ ಕೂಡ್ರಿ," ಎಂದರಂತೆ.

ಮುಂದಿನ ಭಾನುವಾರದ ಹೊತ್ತಿಗೆ ಲಾಲ್‌ಸಾಬ್ ಹೊಸ ಪುಸ್ತಕ ತಂದು ಭಾವನವರ ಕೈಗೆ ಕೊಟ್ಟಿದ್ದ. ಅವತ್ತು ಓದಿದವರು ಭಾವ, ಜೋಳ ಹಸನು ಮಾಡಿದವಳು ಅಕ್ಕ. ತಡವರಿಸಿ, ನಿಂತು, ಮತ್ತೆ ಹಿಡಿದು ಓದಿದರು. ಬಾವಿಯೊಳಗಿಂದ ಕೂಗು ಕೇಳಿಸಿದಲ್ಲಿಗೆ ಪುಸ್ತಕ ಮುಚ್ಚಿ, "ಮುಂದಿಂದು ನಾಳಿಗೆ," ಎಂದರು. ಅಕ್ಕ ಜೋಳದ ಮೊರ ಬಿಟ್ಟೆದ್ದು ಪುಸ್ತಕ ಕಿತ್ತುಕೊಂಡಳು. ಹಿಂದಿನ ರಟ್ಟು ತೆಗೆದರೆ ಕಡೆಯ ಏಳೆಂಟು ಪುಟಗಳನ್ನು ಸೂಜಿದಾರದಿಂದ ಸೊಟ್ಟಪಟ್ಟ ಹೊಲಿದಿಟ್ಟಿತ್ತು.

"ಇದನ್ಯಾರು ಹೊಲಿದಾರ್ರಿ?"

"ನಾನ. ನನ್ನ ಕೈ ಇನ್ನಾ ಹಿಂದಿನಿಂದ ತೆರಿತೈತಿ. ಈ ಸಲ ನಿನ್ನ ಕಥಿ ಕೆಡಸಬಾರದು ಅಂತ..."

ಅಕ್ಕ ಆ ದಾರವನ್ನು ಬೆರಳಿನಿಂದ ಸವರಿದಳು. ಆಮೇಲೆ ಪುಸ್ತಕವನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲೇ ಕೂತಳು.

"ಇನ್ನೊಂದ ಪುಟ ಓದ್ರಿ," ಎಂದಳು. "ಎಷ್ಟ ಹೊತ್ತಾದರೂ ಆಗಲಿ."