ಅಜ್ಜಿಗೆ ಹಲ್ಲು ಕಟ್ಟಿಸಿದ ವಾರ

ನಮ್ಮಜ್ಜಿಯ ಮೇಲಿನ ಸಾಲಿನ ಹಲ್ಲುಗಳು ಅರವತ್ತು ತುಂಬುವ ಮೊದಲೇ ಒಂದೊಂದಾಗಿ ಬಿದ್ದುಹೋಗಿದ್ದವು. ಅದಕ್ಕೆ ಅವಳೇನೂ ಕೊರಗಿದವಳಲ್ಲ. ಮುದ್ದೆ ನುಂಗೋದಕ್ಕೆ ಹಲ್ಲು ಯಾಕೆ ಅನ್ನುತ್ತಿದ್ದಳು. ಆದರೆ ಮುಳಬಾಗಿಲಿನಲ್ಲಿದ್ದ ಅವಳ ತಂಗಿ, ನಮ್ಮ ಚಿಕ್ಕಜ್ಜಿ, ಆ ವರ್ಷ ಯುಗಾದಿಗೆ ಶ್ರೀನಿವಾಸಪುರಕ್ಕೆ ಬಂದವಳು ಅಜ್ಜಿಯ ಎದುರಿಗೇ ಕೂತು ನಿಪ್ಪಟ್ಟನ್ನು ಕಟಕಟ ಕಡಿದು, "ಅಕ್ಕಂಗೆ ಹಾಲಲ್ಲಿ ನೆನೆಸಿ ಕೊಡ್ರೇ" ಅಂದುಬಿಟ್ಟಳು. ತಂಗಿ ಬಸ್ಸು ಹತ್ತಿದ ಮೇಲೆ ಅಜ್ಜಿ ಅಪ್ಪನನ್ನು ಕರೆದು, "ನಂಗೆ ಹಲ್ಲು ಕಟ್ಟಿಸು" ಅಂದಳು.

ಕೋಲಾರದಲ್ಲಿ ಹಲ್ಲಿನ ಡಾಕ್ಟರೊಬ್ಬರಿದ್ದರು. ಅಪ್ಪ ಒಂದು ದಿನ ಕರೆದುಕೊಂಡು ಹೋಗಿ ಮೇಣದಲ್ಲಿ ಅಳತೆ ಕೊಡಿಸಿ ಬಂದ. ಅಷ್ಟರಲ್ಲಿ ಚಿಕ್ಕಜ್ಜಿಯ ಮೊಮ್ಮಗುವಿಗೆ ನಾಮಕರಣ ಗೊತ್ತಾಯಿತು, ಮುಂದಿನ ಭಾನುವಾರ. ಅಜ್ಜಿಗೆ ಬೇಕಾಗಿದ್ದೂ ಅದೇ. ತಂಗಿಯ ಮನೆಯಲ್ಲೇ ಕೂತು ನಿಪ್ಪಟ್ಟು ಕಡಿಯಬೇಕು.

ಆಗ ಅಪ್ಪ ಮಾವಿನ ತೋಟ ಬಿಟ್ಟು ಕದಲುವ ಹಾಗಿರಲಿಲ್ಲ, ಕೊನೆಯ ಕೊಯ್ಲು. ಅಮ್ಮನ ಮಡಿಲಲ್ಲಿ ಎಳೆಗೂಸು. ಹಾಗಾಗಿ ಹಲ್ಲು ತರಲು ಅಜ್ಜಿಯ ಜೊತೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಹದಿನಾರು. ಮನೆಯಲ್ಲಿ ಮದುವೆಯ ಮಾತು ಶುರುವಾಗಿತ್ತು, ಬಾಗಿಲು ದಾಟಬೇಕಾದರೂ ಕೇಳಬೇಕು. ಅಂಥದ್ದರಲ್ಲಿ ರೈಲು, ಕೋಲಾರ, ಪೇಟೆ ಬೀದಿ! ಹೊರಡುವ ಹಿಂದಿನ ದಿನ, ಭಾನುವಾರ ಸಂಜೆಯೇ ನಾನು ಜಡೆ ಹಾಕಿಕೊಂಡು, ಬಿಚ್ಚಿ, ಮತ್ತೆ ಹಾಕಿಕೊಂಡೆ.

ಸೋಮವಾರ ಹೋದೆವು. ನಮ್ಮೂರಿಂದ ಕೋಲಾರಕ್ಕೆ ಓಡುತ್ತಿದ್ದ ಚಿಕ್ಕ ರೈಲು ಎಷ್ಟು ನಿಧಾನವೆಂದರೆ, ಏರಿನಲ್ಲಿ ಗಂಡಸರು ಇಳಿದು ಪಕ್ಕದಲ್ಲೇ ನಡೆದುಕೊಂಡು ಬಂದು ಮತ್ತೆ ಹತ್ತುತ್ತಿದ್ದರು. ಅಂತೂ ಕೋಲಾರ ಸೇರಿ ನೋಡಿದರೆ ಡಾಕ್ಟರ ಬಾಗಿಲಿಗೆ ಬೀಗ. ಚಿನ್ನದ ಗಣಿಯ ಕಡೆ ಹೋಗಿದ್ದಾರೆ, ನಾಳೆ ಬನ್ನಿ ಅಂದರು ಪಕ್ಕದ ಅಂಗಡಿಯವರು. ಅಜ್ಜಿಗೆ ಬೇಜಾರಾಯಿತೇನೋ, ನನಗೆ ಮಾತ್ರ ಖುಷಿಯೋ ಖುಷಿ. ನಾಳೆಯೂ ರೈಲು!

ಮಂಗಳವಾರ ಡಾಕ್ಟರು ಸಿಕ್ಕಿದರು. ಸಿಕ್ಕಿದ್ದು ತಡವಾಗಿ. ವಾಪಸು ರೈಲಿಗೆ ಹೊತ್ತಾಗಿತ್ತು. ಅವರು ಒಳಗಿಂದ ಕಾಗದದಲ್ಲಿ ಸುತ್ತಿದ ಪೊಟ್ಟಣ ತಂದು ಕೊಟ್ಟು, "ಹಾಕಿ ನೋಡಿ ಅಮ್ಮ" ಅಂದರು. "ಮನೇಲಿ ಹಾಕ್ಕೋತೀನಪ್ಪ, ರೈಲು ಹೋಗ್ಬಿಡುತ್ತೆ" ಎಂದು ಅಜ್ಜಿ ಆಗಲೇ ಮೆಟ್ಟಿಲಿಳಿದಿದ್ದಳು. ಡಾಕ್ಟರು ಹಿಂದಿನಿಂದ ಕೂಗಿದರು: "ಎರಡು ದಿನ ಒಂಥರಾ ಇರುತ್ತೆ, ಆಮೇಲೆ ಬಾಯಿಗೆ ಒಗ್ಗುತ್ತೆ!"

ಆ ಮಾತೊಂದೇ ನಮಗೆ ಮುಳುವಾಯಿತು.

ಮನೆಗೆ ಬಂದು, ಕೈಕಾಲು ತೊಳೆದು, ದೇವರಿಗೆ ಕೈಮುಗಿದು ಅಜ್ಜಿ ಹಲ್ಲು ಹಾಕಿಕೊಂಡಳು. ಕೆಂಪು ರಬ್ಬರಿನ ಒಸಡು, ಅದರಲ್ಲಿ ಹೊಳೆಯುವ ಉದ್ದುದ್ದ ಹಲ್ಲು. ತುಟಿ ಮುಚ್ಚಲೇ ಇಲ್ಲ. ನಮ್ಮಜ್ಜಿಯ ಪುಟ್ಟ ಮುಖದಲ್ಲಿ ಕಣ್ಣು ಮೂಗು ಎಲ್ಲ ಹಿಂದಕ್ಕೆ ಸರಿದು ಹಲ್ಲೇ ಹಲ್ಲು. ಅಮ್ಮ ಮಗುವನ್ನು ಎದೆಗೊತ್ತಿಕೊಂಡು ಒಳಗೋಡಿದಳು. ನಗು ತಡೆಯಲಾರದೆ ಓಡಿದ್ದು ಅಂತ ನನಗೆ ಗೊತ್ತು.

"ಹೆಂಗದೆ?" ಅಂದಳು ಅಜ್ಜಿ. ಅದು ನನಗೆ ಕೇಳಿಸಿದ್ದು "ಹ್ಹೆಂಗ್ಹದೆ" ಎಂದು.

"ಚೆನ್ನಾಗಿದೆ ಅಜ್ಜಿ. ಒಗ್ಗಬೇಕು."

ಬುಧವಾರವೆಲ್ಲ ಒಗ್ಗಿಸಿಕೊಂಡಳು. ನಾಲಿಗೆಯಿಂದ ಹಲ್ಲನ್ನು ಮೇಲಕ್ಕೆ ಒತ್ತಿ ಹಿಡಿದರೆ ಮಾತಿಲ್ಲ, ಮಾತಾಡಿದರೆ ಹಲ್ಲಿಲ್ಲ. ಉಪ್ಪಿಟ್ಟು ಬಾಯಿಗಿಟ್ಟರೆ ಉಪ್ಪಿಟ್ಟು ಒಳಗೆ ಉಳಿದು ಹಲ್ಲು ಹೊರಗೆ ಬರುತ್ತಿತ್ತು. ಅಪ್ಪ ತೋಟದಿಂದ ಬಂದವನು ಅವಳ ಮುಖ ನೋಡಿ ಚೊಂಬು ಕೈಬಿಟ್ಟ. "ಅಮ್ಮಾ, ನಾಳೆ ಮತ್ತೆ ಹೋಗಿ ತೋರಿಸಿಕೊಂಡು ಬಾ" ಅಂದ. ನಾನು ಮೂರನೆಯ ಸಲ ಜಡೆ ಹಾಕಿಕೊಳ್ಳಲು ಓಡಿದೆ.

ಗುರುವಾರದ ರೈಲಿನಲ್ಲಿ ನಮ್ಮ ಎದುರಿಗೆ ಬದನೆಕಾಯಿ ಬುಟ್ಟಿ ಇಟ್ಟುಕೊಂಡ ಹೆಂಗಸೊಬ್ಬಳು ಕೂತಿದ್ದಳು. ಇಂಜಿನ್ನಿನ ಹೊಗೆ ಒಳಗೆ ನುಗ್ಗಿತು. ಅಜ್ಜಿ ಒಂದು ಸಲ ಸೀನಿದಳು, ಎರಡನೆಯ ಸಲ ಸೀನಿದಳು, ಅಷ್ಟೇ. ಹಲ್ಲು ಹಾರಿಹೋಗಿ ಬದನೆಕಾಯಿಗಳ ನಡುವೆ ಬಾಯಿ ತೆರೆದುಕೊಂಡು ಕೂತಿತು.

"ಅಮ್ಮೋ! ದೆಯ್ಯಂ! ದೆಯ್ಯಂ!" ಎಂದು ಆ ಹೆಂಗಸು ಬೆಂಚಿನ ಮೇಲೆ ಹತ್ತಿ ನಿಂತಳು. ಡಬ್ಬಿಯಲ್ಲಿದ್ದವರೆಲ್ಲ ಎದ್ದರು. ಅಜ್ಜಿ ಬೊಚ್ಚು ಬಾಯಲ್ಲೇ, "ದೆಯ್ಯಂ ಕಾದಮ್ಮಾ, ನಾ ಪಳ್ಳು!" ಎಂದು, ದೆವ್ವ ಅಲ್ಲಮ್ಮ ನನ್ನ ಹಲ್ಲು ಅಂತ, ತೆಲುಗಿನಲ್ಲೇ ಸಮಾಧಾನ ಮಾಡಿ ಬುಟ್ಟಿಗೆ ಕೈ ಹಾಕಿ ಹಲ್ಲು ತೆಗೆದು ಸೆರಗಿನಲ್ಲಿ ಒರೆಸಿದಳು. ನನಗೆ ಉಸಿರು ಕಟ್ಟುವಷ್ಟು ನಗು. ಆ ಹೆಂಗಸಿಗೂ ಭಯ ಇಳಿದು ನಗು ಹತ್ತಿತು. ಇಳಿಯುವಾಗ ನಾಲ್ಕು ಬದನೆಕಾಯಿ ಅಜ್ಜಿಯ ಮಡಿಲಿಗೆ ಹಾಕಿ ಹೋದಳು.

ಡಾಕ್ಟರು ಅಜ್ಜಿಯ ಮುಖ ನೋಡಿದ ತಕ್ಷಣ ಕುರ್ಚಿಯಲ್ಲಿ ಕೂತುಬಿಟ್ಟರು. "ಅಮ್ಮಾ, ಇದು ನಿಮ್ಮ ಹಲ್ಲಲ್ಲ."

"ನನ್ನದಲ್ಲ ಅಂತ ನಂಗೂ ಗೊತ್ತಪ್ಪ. ನನ್ನವು ಬಿದ್ದು ವರ್ಷಗಳಾದವು."

"ಹಾಗಲ್ಲಮ್ಮ. ಇದು ಟೇಕಲ್ಲಿನ ಮೇಷ್ಟ್ರೊಬ್ಬರದು. ಅವತ್ತೇ ಅವರ ಪೊಟ್ಟಣವೂ ಹೋಯಿತು. ಅದಲುಬದಲಾಗಿದೆ."

ಅಜ್ಜಿ ಹಲ್ಲನ್ನು ಬಾಯಿಂದ ಕಿತ್ತು ಮೇಜಿನ ಮೇಲಿಟ್ಟಳು. ಮುಖ ಕೆಂಪಾಯಿತು. "ಅಯ್ಯೋ ರಾಮ! ಯಾವನದೋ ಎಂಜಲು ಹಲ್ಲಲ್ಲಿ ಉಪ್ಪಿಟ್ಟು ತಿಂದೆನೇನೇ!"

"ಎಂಜಲಲ್ಲ ಅಮ್ಮ, ಹೊಸದು. ನಿಮಗಿಂತ ಮೊದಲು ಯಾರೂ ಹಾಕಿಲ್ಲ."

"ಇದನ್ನ ಹಾಕಿಲ್ಲ, ಸರಿ. ನನ್ನದನ್ನ ಅವರು ಹಾಕಿರ್ತಾರಲ್ಲ!"

ಡಾಕ್ಟರು ಪೆನ್ನು ಎಳೆದುಕೊಂಡರು. ಟೇಕಲ್ಲಿಗೆ ಕಾಗದ ಬರೆದು ತರಿಸುತ್ತೇನೆ, ಒಂದು ವಾರ ಆಗಬಹುದು ಅಂದರು. ಒಂದು ವಾರ! ಭಾನುವಾರಕ್ಕೆ ಉಳಿದಿದ್ದು ಮೂರು ದಿನ. ಅಜ್ಜಿ ನನ್ನ ಕಡೆ ನೋಡಿದಳು, ನಾನು ಅವಳ ಕಡೆ. "ಟೇಕಲ್ ಎಷ್ಟು ದೂರನೇ?" ಅಂದಳು. ನನಗೆ ಕುಣಿಯಬೇಕು ಅನ್ನಿಸಿತು.

ಅವತ್ತು ಕೋಲಾರದಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದು, ಅಪ್ಪನಿಗೆ ರೈಲಿನವರೊಬ್ಬರ ಕೈಯಲ್ಲಿ ಹೇಳಿ ಕಳಿಸಿದೆವು. ಶುಕ್ರವಾರ ಚಿಕ್ಕ ರೈಲಿನಲ್ಲಿ ಬೌರಿಂಗ್‌ಪೇಟೆಗೆ, ಅಂದರೆ ಈಗಿನ ಬಂಗಾರಪೇಟೆಗೆ. ಅಲ್ಲಿಂದ ದೊಡ್ಡ ರೈಲಿನಲ್ಲಿ ಟೇಕಲ್ಲಿಗೆ. ದೊಡ್ಡ ರೈಲು ನಾನು ಹತ್ತಿದ್ದು ಅದೇ ಮೊದಲು. ಗಾಳಿಗೆ ಕೂದಲೆಲ್ಲ ಕೆದರಿಹೋಯಿತು. ಅಜ್ಜಿ ಮೇಷ್ಟ್ರ ಹಲ್ಲನ್ನು ಕರ್ಚೀಫಿನಲ್ಲಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರೋ ಕಳ್ಳರು ಕಾದಿದ್ದಾರೆ ಅನ್ನುವ ಹಾಗೆ ಮೇಲೆ ಕೈಯಿಟ್ಟು ಕೂತಿದ್ದಳು.

ಬೆಟ್ಟದ ಬುಡದಲ್ಲಿ ಮೇಷ್ಟ್ರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದವರು ಅವರ ಹೆಂಡತಿ. ವಿಷಯ ಹೇಳುತ್ತಿದ್ದಂತೆ ಆಕೆ ಸೆರಗನ್ನು ಬಾಯಿಗೆ ತುರುಕಿಕೊಂಡರು. "ಅಯ್ಯೋ, ಬನ್ನಿ ಅಮ್ಮ, ಒಳಗೆ ಬನ್ನಿ. ಮೂರು ದಿನದಿಂದ ನಮ್ಮನೆಯವರು ಮಾತೇ ಆಡಿಲ್ಲ. ಶಾಲೇಲೂ ಬರೀ ಹಲಗೆ ಮೇಲೆ ಬರೀತಾರಂತೆ. ಡಾಕ್ಟರು ಒಗ್ಗುತ್ತೆ ಅಂದಿದಾರೆ ಅಂತ ಹಠ ಹಿಡಿದು ಹಾಕ್ಕೊಂಡೇ ಇದಾರೆ."

ಊಟಕ್ಕೆ ಬಂದ ಮೇಷ್ಟ್ರು ಆರಡಿ ಎತ್ತರ, ಅಗಲ ದವಡೆ, ಪೊದೆ ಮೀಸೆ. ಅದರ ಕೆಳಗೆ ಅಕ್ಕಿಕಾಳಿನಂಥ ಅಜ್ಜಿಯ ಹಲ್ಲು. ನಮಸ್ಕಾರ ಮಾಡಲು ಬಾಯಿ ತೆರೆದರೆ ಸಿಳ್ಳೆ ಹೊರಟಿತು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ ಗಂಭೀರವಾಗಿ, "ಅದು ನನ್ನದು ಸ್ವಾಮಿ" ಅಂದಳು.

ಆಮೇಲೆ ಬಾವಿಕಟ್ಟೆಯಲ್ಲಿ ನಡೆದ ಶುದ್ಧಿಯನ್ನು ನೋಡಬೇಕಿತ್ತು. ಅಜ್ಜಿ ಎರಡೂ ಸೆಟ್ಟನ್ನು ಉಪ್ಪು ಹಾಕಿ ಉಜ್ಜಿದಳು, ಹುಣಸೆಹಣ್ಣು ಹಾಕಿ ಉಜ್ಜಿದಳು, ತುಳಸಿ ಹಾಕಿದ ನೀರಿನಲ್ಲಿ ಮುಳುಗಿಸಿದಳು. ಆಮೇಲೆ ಮೇಷ್ಟ್ರು ಪೂರ್ವಕ್ಕೆ, ಅಜ್ಜಿ ಪಶ್ಚಿಮಕ್ಕೆ ತಿರುಗಿ, ತಂತಮ್ಮ ಹಲ್ಲು ಹಾಕಿಕೊಂಡು, ಏಕಕಾಲಕ್ಕೆ ಈ ಕಡೆ ತಿರುಗಿದರು. ಒಬ್ಬರನ್ನೊಬ್ಬರು ನೋಡಿ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಅಜ್ಜಿ ಬಾವಿಕಟ್ಟೆ ಹಿಡಿದುಕೊಂಡಳು. ಮೇಷ್ಟ್ರು ಕಣ್ಣೊರೆಸಿಕೊಂಡು, ಮೂರು ದಿನ ಕಟ್ಟಿಟ್ಟ ಮಾತನ್ನೆಲ್ಲ ಒಟ್ಟಿಗೆ ಆಡಿದರು. ಅವರ ಹೆಂಡತಿ ನನ್ನ ಕಿವಿಯಲ್ಲಿ, "ಇನ್ನೆರಡು ದಿನ ಬಿಟ್ಟು ಬರಬಾರದಿತ್ತೇನೇ" ಅಂದರು. ಅವರ ಮನೆಯ ಹುರುಳಿ ಸಾರಿನ ಊಟ ಮುಗಿಸಿಯೇ ನಮ್ಮನ್ನು ಬಿಟ್ಟಿದ್ದು.

ವಾಪಸು ಬರುವಾಗ ಬೌರಿಂಗ್‌ಪೇಟೆಯಲ್ಲಿ ಚಿಕ್ಕ ರೈಲು ತಪ್ಪಿತು. ಮೋಡ ಕವಿದು ನಾಲ್ಕು ಹನಿಯೂ ಬಿತ್ತು. ಕೋಲಾರದವರೆಗೆ ಜಟಕಾ ಹಿಡಿದೆವು. ಅಜ್ಜಿ ದಾರಿಯುದ್ದಕ್ಕೂ ಹಾಡಿದಳು. ಹಲ್ಲಿಲ್ಲದ ಕಾಲದಲ್ಲಿ ಬಿಟ್ಟಿದ್ದ ಸೋಬಾನೆ ಪದಗಳನ್ನೆಲ್ಲ, ಒಂದಾದ ಮೇಲೊಂದು. ಮದುವೆಯ ದಿಬ್ಬಣ ಅಂದುಕೊಂಡು ಎದುರಿನ ಗಾಡಿಯವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ!

ಶನಿವಾರ ಊರು ಸೇರಿ, ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ನಿಪ್ಪಟ್ಟು ಕಡಿಯುವ ಅಭ್ಯಾಸ. ಭಾನುವಾರ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಯುದ್ಧದ ದಿನಗಳು, ಪೆಟ್ರೋಲು ಸಿಗುತ್ತಿರಲಿಲ್ಲ. ಎರಡು ಏರಿನಲ್ಲಿ ಎಲ್ಲರೂ ಇಳಿದು ತಳ್ಳಿದೆವು, ಅಜ್ಜಿಯೂ ತಳ್ಳಿದಳು. ಮುಳಬಾಗಿಲು ಮುಟ್ಟುವಾಗ ಹೊಸ ಸೀರೆಯ ಅಂಚೆಲ್ಲ ಮಸಿ, ಮಗುವಿಗೆ ಹೆಸರಿಟ್ಟು ಆಗಿಹೋಗಿತ್ತು.

ಅಜ್ಜಿ ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ನಡುಮನೆಯಲ್ಲಿ ಚಾಪೆಯ ಮೇಲೆ ಕೂತು, ತಟ್ಟೆಯಲ್ಲಿದ್ದ ದಪ್ಪ ನಿಪ್ಪಟ್ಟನ್ನೇ ಆರಿಸಿ, ತಂಗಿಯನ್ನು ನೋಡುತ್ತ ಕಡಿದಳು. ಕಟಕ್! ಮನೆಯಲ್ಲಿದ್ದ ಹೆಂಗಸರೆಲ್ಲ ಈ ಕಡೆ ತಿರುಗಿದರು.

ಚಿಕ್ಕಜ್ಜಿ ಹತ್ತಿರ ಬಂದು ಅಕ್ಕನ ಗಲ್ಲ ಹಿಡಿದು ಎತ್ತಿ, ಒಳಗೆ ಇಣುಕಿ ನೋಡಿದಳು. "ಎಲ್ಲಿ ಮಾಡಿಸಿದ್ಯೇ ಅಕ್ಕಾ?"

"ಕೋಲಾರದಲ್ಲಿ. ಯಾಕೆ, ನಿಂಗೇನು ಹಲ್ಲಿಗೆ ಬರ?"

ಚಿಕ್ಕಜ್ಜಿ ಅತ್ತಿತ್ತ ನೋಡಿ ಬಾಯಗಲಿಸಿ ತೋರಿಸಿದಳು. ಮುಂದಿನವು ಫಳಫಳ, ಹಿಂದೆ ಎರಡೂ ಕಡೆ ಬಟ್ಟಬಯಲು. "ಯಾರಿಗೂ ಹೇಳಬೇಡ ಕಣೇ. ಯುಗಾದೀಲಿ ತಿಂದ ನಿಪ್ಪಟ್ಟು ಮುಂದಿನ ಹಲ್ಲಲ್ಲೇ ಪುಡಿ ಮಾಡಿ ನುಂಗಿದ್ದು."

ಅಜ್ಜಿ ಬಿದ್ದು ಬಿದ್ದು ನಕ್ಕಳು. ಟೇಕಲ್ ಮೇಷ್ಟ್ರ ಕಥೆ ಹೇಳಿದಳು, ಬದನೆಕಾಯಿ ಕಥೆ ಹೇಳಿದಳು. ನಕ್ಕು ನಕ್ಕು ದವಡೆ ನೋಯುತ್ತೆ ಅಂತ ಕೊನೆಗೆ ಹಲ್ಲನ್ನು ತೆಗೆದು ಲೋಟದಲ್ಲಿಟ್ಟು, ಪಾಯಸವನ್ನು ಬೋಡುಬಾಯಲ್ಲೇ ಸುರಿದುಕೊಂಡಳು. ಅಕ್ಕತಂಗಿ ಇಬ್ಬರೂ ಒಬ್ಬರ ಭುಜಕ್ಕೊಬ್ಬರು ಒರಗಿ, ಮುಂದಿನ ವಾರ ಕೋಲಾರಕ್ಕೆ ಯಾವ ದಿನ ಹೋಗುವುದು ಅಂತ ಲೆಕ್ಕ ಹಾಕುತ್ತ ಕೂತರು. ಜೊತೆಗೆ ಯಾರು ಬರುತ್ತಾರೆ ಅನ್ನುವ ಮಾತು ಬಂತು. ಅವರು ಕೇಳುವ ಮೊದಲೇ ನಾನು "ಬರ್ತೀನಿ" ಅಂದೆ.